ಸೋಮವಾರದ ಮೆಸೇಜು

ಬೆಳಗಿನ ಏಳು ಗಂಟೆಗೆ ಕಂಠಪ್ಪನ ಜೇಬಿನಲ್ಲಿ ಫೋನು ಟಿಣ್ ಎಂದಿತು. ಗಾವಡಗೆರೆಯಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡು ಯಾರಿಗೂ ಹೆದರದೆ ಬದುಕಿದ್ದ ಆ ಮನುಷ್ಯ ಹಿತ್ತಲಿಗೆ ಓಡಿ, ನುಗ್ಗೆಮರದ ಮರೆಯಲ್ಲಿ ನಿಂತು ಓದಿದ. "ಮಾನ್ಯರೇ, ನಿಮ್ಮ ರಕ್ತದ ಸಕ್ಕರೆ ಅಂಶ 286. ಸಿಹಿ ತಿನ್ನುವುದನ್ನು ನಿಲ್ಲಿಸಿ. ಕೂಡಲೇ ಆರೋಗ್ಯ ಕೇಂದ್ರಕ್ಕೆ ಬನ್ನಿ." ಹೆಸರಿಲ್ಲ, ಕೆಳಗೆ ಹದಿನಾಲ್ಕು ಅಂಕಿಯ ಯಾವುದೋ ನಂಬರು. ಓದಿದವನೇ ಅಳಿಸಿಹಾಕಿದ. ಇದು ನಾಲ್ಕನೆಯ ಸೋಮವಾರ.

ತಿಂಗಳ ಹಿಂದೆ ಸಮುದಾಯ ಭವನದ ಆರೋಗ್ಯ ಶಿಬಿರದಲ್ಲಿ ಗಂಡ ಹೆಂಡತಿ ಇಬ್ಬರೂ ಪರೀಕ್ಷೆಗೆ ರಕ್ತ ಕೊಟ್ಟು ಬಂದಿದ್ದರು. ಎಲ್ಲವನ್ನೂ ಕಂಪ್ಯೂಟರಿಗೆ ಹಾಕುತ್ತೇವೆ, ತೊಂದರೆ ಇದ್ದರೆ ಫೋನಿಗೇ ಮೆಸೇಜು ಬರುತ್ತದೆ ಎಂದು ಆಸ್ಪತ್ರೆಯವರು ಹೇಳಿದ್ದರು. ಬಂತು. ಕಂಠಪ್ಪನಿಗೆ ಸಕ್ಕರೆ ಕಾಯಿಲೆಗಿಂತ ಹಾಗಲಕಾಯಿಯ ಭಯವೇ ಹೆಚ್ಚು. ಅವನ ಅಣ್ಣನಿಗೆ ಶುಗರ್ ಬಂದಾಗಿನಿಂದ ಅತ್ತಿಗೆ ಮೂರು ಹೊತ್ತೂ ಹಾಗಲಕಾಯಿ ಬೇಯಿಸಿ ಹಾಕುತ್ತಿದ್ದಳು. ಪಾಪ, ಅಣ್ಣ ನಗುವುದನ್ನೇ ಬಿಟ್ಟಿದ್ದ. ಹೆಂಡತಿ ಸರ್ವಮಂಗಳಳಿಗೆ ಗೊತ್ತಾದರೆ ತನಗೂ ಅದೇ ಗತಿ. ಗುಟ್ಟಾಗಿ ಸಿಹಿ ಬಿಟ್ಟರೆ ಕಾಯಿಲೆಯೂ ಗುಟ್ಟಾಗಿ ಹೊರಟುಹೋಗುತ್ತದೆ ಎಂದುಕೊಂಡ.

ಆದರೆ ಎದುರಿಗೆ ಬಂದ ಸಿಹಿಯನ್ನು ಎಲ್ಲಿಗೆ ಸಾಗಿಸುವುದು? ಹೆಂಡತಿಯ ತಟ್ಟೆಗೆ. ಒಂದು ತಿಂಗಳಿಂದ ಅದೇ ನಡೆದಿತ್ತು.

ಅಂದು ಬೆಳಿಗ್ಗೆಯೂ ಬೆಲ್ಲದ ಕಾಫಿಯನ್ನು ಅವಳ ಲೋಟಕ್ಕೆ ಬಗ್ಗಿಸಿ, "ನೀನೇ ಕುಡಿ ಕಣೆ" ಎಂದ.

ಸರ್ವಮಂಗಳ ಅವನನ್ನು ಮೇಲಿಂದ ಕೆಳಕ್ಕೆ ನೋಡಿದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಈ ಗಂಡಸು ಕಜ್ಜಾಯದ ಡಬ್ಬಿಯಲ್ಲಿ ಪುಡಿಯನ್ನೂ ಉಳಿಸಿದವನಲ್ಲ. "ಏನ್ರೀ ಸಮಾಚಾರ? ಒಂದ್ ತಿಂಗ್ಳಿಂದ ನೋಡ್ತಾವ್ನಿ."

"ಪ್ರೀತಿ ಕಣೆ."

"ಪ್ರೀತಿಯಂತೆ!" ಎಂದು ಕಾಫಿ ಕುಡಿದು, ಮೇಲೊಂದು ಚೊಂಬು ನೀರನ್ನು ಗಟಗಟನೆ ಇಳಿಸಿದಳು. ಈಚೆಗೆ ಅವಳು ನೀರು ಕುಡಿಯುವುದು ಜಾಸ್ತಿಯಾಗಿತ್ತು. ಸಿಟ್ಟಿಗಿರಬೇಕು ಎಂದುಕೊಂಡು ಕಂಠಪ್ಪ ಅಂಗಡಿಗೆ ಹೊರಟ.

ಅವನು ಬೀದಿ ತಿರುಗುವುದೇ ತಡ, ಕಾಂಪೌಂಡಿನ ಮೇಲೆ ಪಕ್ಕದ ಮನೆಯ ಪ್ರೇಮಮ್ಮನ ತಲೆ ಮೂಡಿತು.

"ಸರ್ವಮಂಗಳಕ್ಕ, ನಿಮ್ ಯಜಮಾನ್ರು ಇವತ್ತೂ ನುಗ್ಗೆಮರದ ಸಂದೀಲಿ ನಿಂತ್ಕಂಡು ಫೋನ್ ನೋಡುದ್ರು. ಓದೋದು, ಅಳ್ಸೋದು. ಸೋಮ್ವಾರ ಸೋಮ್ವಾರವೇ ಬತ್ತದಲ್ಲ, ಯಾರಕ್ಕ ಅದು?"

"ನಂಗೇನ್ ಗೊತ್ತು ಪ್ರೇಮಮ್ಮ? ನಂಗಂತೂ ಒಬ್ಬಟ್ಟು, ಲಾಡು ಅಂತ ಅವ್ರ್ ಪಾಲ್ನೂ ತಿನ್ನುಸ್ತಾವ್ರೆ."

"ಅಯ್ಯೋ ಅಕ್ಕ, ಅದೇ ಕಣಕ್ಕ ಗುರುತು! ತಪ್ಪು ಮಾಡಿರೋ ಗಂಡ್ಸೇ ಎಂಡ್ತಿಗೆ ಒಬ್ಬಟ್ಟು ತಿನ್ನುಸೋದು."

ಸರ್ವಮಂಗಳ ಮತ್ತೊಂದು ಚೊಂಬು ನೀರು ಕುಡಿದಳು.

ಮಧ್ಯಾಹ್ನ ಪ್ರೇಮಮ್ಮನ ಮೊಮ್ಮಗುವಿನ ನಾಮಕರಣ. ಮನೆ ಮುಂದಿನ ಶಾಮಿಯಾನದಲ್ಲಿ ಗಂಡಸರ ಸಾಲಿನ ಎದುರಿಗೇ ಹೆಂಗಸರ ಸಾಲು. ಕಂಠಪ್ಪ ಬೇಡಬೇಡವೆಂದು ಕೈ ಅಡ್ಡ ಹಿಡಿದರೂ ಬಡಿಸುವವನು ತುಪ್ಪ ಸುರಿದ ಮೂರು ಒಬ್ಬಟ್ಟು ಹಾಕಿ ಮುಂದೆ ಹೋದ. ತುಪ್ಪದ ವಾಸನೆ ಮೂಗಿಗೆ ಬಡಿದು ಕಂಠಪ್ಪನ ಕಣ್ಣಲ್ಲಿ ನೀರು ಬಂತು. ಇನ್ನೊಂದು ನಿಮಿಷ ಕೂತರೆ ತಿಂದೇಬಿಡುತ್ತೇನೆ ಎನಿಸಿ, ಎದ್ದುನಿಂತು, ಮೂರನ್ನೂ ಎತ್ತಿಕೊಂಡು ಹೋಗಿ ಎದುರು ಸಾಲಿನಲ್ಲಿದ್ದ ಹೆಂಡತಿಯ ಎಲೆಗೆ ಹಾಕಿದ.

ಪಂಕ್ತಿಗೆ ಪಂಕ್ತಿಯೇ ಕೈ ನಿಲ್ಲಿಸಿತು. ಸರ್ವಮಂಗಳ ನಾಚಿಕೆಗೋ ಕೋಪಕ್ಕೋ ತನ್ನ ಮೂರರ ಜೊತೆ ಆ ಮೂರನ್ನೂ ಸರಸರನೆ ತಿಂದು ಮುಗಿಸಿ, ಎಲ್ಲರಿಗೂ ಕೇಳುವಂತೆ ಕೇಳಿದಳು.

"ಯಾರ್ರೀ ಅವ್ಳು?"

ಕಂಠಪ್ಪ ಬಾಯಿ ತೆರೆಯುವಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಪ್ರೇಮಮ್ಮ ಅದನ್ನು ಅವನ ಜೇಬಿನಿಂದಲೇ ಕಿತ್ತು ಸ್ಪೀಕರ್ ಒತ್ತಿದಳು.

"ಹಲೋ, ನಾನು ಪದ್ಮಶ್ರೀ ಮಾತಾಡ್ತಿರೋದು. ಈ ನಂಬರಿಗೆ ನಾಲ್ಕು ಸಲ ಮೆಸೇಜ್ ಹೋಗಿದೆ. ಯಾಕ್ ಬರ್ಲಿಲ್ಲ ನೀವು? ಇವತ್ತಾದ್ರೂ ಬನ್ನಿ, ಕಾಯ್ತಿರ್ತೀನಿ. ಮನೆಯವ್ರನ್ನೂ ಕರ್ಕೊಂಡೇ ಬನ್ನಿ."

"ಮನೆಯವ್ರನ್ನೂ ಅಂತೆ! ಎಷ್ಟ್ ಧೈರ್ಯ ಕಣಕ್ಕ ಇವ್ಳಿಗೆ!" ಎಂದು ಪ್ರೇಮಮ್ಮ ಫೋನು ಕಟ್ ಮಾಡಿದಳು.

ಸರ್ವಮಂಗಳಳ ಕಣ್ಣು ತುಂಬಿದ್ದನ್ನು ಕಂಡು ಕಂಠಪ್ಪ ಅವಳ ಎಲೆಯ ಮುಂದೆಯೇ ಕುಕ್ಕರಿಸಿದ. ಹಾಗಲಕಾಯಿಯಾದರೂ ಸರಿ, ಇದು ಬೇಡ.

"ಶುಗರ್ ಕಣೆ! ನಂಗೆ ಶುಗರ್ ಬಂದದೆ! ಅದು ಆಸ್ಪತ್ರೆ ಮೆಸೇಜು. ನೀನು ಅಳ್ತೀಯ ಅಂತ ಏಳ್ನಿಲ್ಲ."

"ಅಯ್ಯೋ ನಮ್ಮಪ್ಪ! ಒಬ್ರೇ ನುಂಗ್ಕೊಂಡಿದ್ರಾ ಇಷ್ಟ್ ದಿನ? ನಡೀರಿ ಆಸ್ಪತ್ರೆಗೆ." ಅವಳು ಎಲ್ಲರೆದುರೇ ಅವನ ಕೈ ಹಿಡಿದುಕೊಂಡಳು. ಕಂಠಪ್ಪನಿಗೆ ತಿಂಗಳ ಭಾರ ಇಳಿದಂತಾಯಿತು. ನಂಬಿಕೆ ಸಾಲದ ಪ್ರೇಮಮ್ಮನೂ ಅರ್ಧ ಪಂಕ್ತಿಯೂ ಕೈ ತೊಳೆದುಕೊಂಡು ಹಿಂದೆ ಹೊರಟರು.

ಆರೋಗ್ಯ ಕೇಂದ್ರದಲ್ಲಿ ಹೊಸದಾಗಿ ಬಂದ ನರ್ಸ್ ಪದ್ಮಶ್ರೀ ಕಂಠಪ್ಪನ ಬೆರಳು ಚುಚ್ಚಿ ನೋಡಿದಳು. "ನಿಮಗೇನೂ ಇಲ್ವಲ್ಲ. ತೊಂಬತ್ತೆಂಟು."

"ಇನ್ನೂರ ಎಂಬತ್ತಾರು ಅಂತ ಬಂದಿತ್ತಲ್ಲವ್ವ?"

ಅವಳು ಕಂಪ್ಯೂಟರಿನತ್ತ ತಿರುಗಿದಳು. "ಅದು ನಿಮ್ಮದಲ್ಲ. ಫೋನ್ ನಂಬರ್ ನಿಮ್ಮದು, ಹೆಸರು ಸರ್ವಮಂಗಳ ಅಂತಿದೆ. ಅವ್ರಿಗೆ ಫೋನ್ ಇಲ್ಲ ಅಂತ ನಿಮ್ಮ ನಂಬರ್ ಕೊಟ್ಟಿದಾರೆ. ಗುಟ್ಟು ಗುಟ್ಟಾಗೇ ಇರ್ಲಿ ಅಂತ ಮೆಸೇಜಲ್ಲಿ ಹೆಸರು ಹಾಕಲ್ಲ, ಅವ್ರ ಆರೋಗ್ಯ ಕಾರ್ಡಿನ ನಂಬರ್ ಮಾತ್ರ."

ಗುಟ್ಟನ್ನು ಹತ್ತಿಪ್ಪತ್ತು ಜನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಪದ್ಮಶ್ರೀ ಸರ್ವಮಂಗಳಳ ಬೆರಳು ಚುಚ್ಚಿ ಗಾಬರಿಯಾದಳು. "ನಾನೂರ ಹತ್ತು! ಏನಮ್ಮ ತಿಂದ್ರಿ?"

"ಆರು ಒಬ್ಬಟ್ಟು."

"ಸರ್, ಮೆಸೇಜ್ ಓದಿದ್ರಿ ತಾನೆ? ಓದಿ ಏನ್ ಮಾಡಿದ್ರಿ?"

"ಅಳ್ಸಿದೆ" ಎಂದ ಕಂಠಪ್ಪ.

"ಅಳ್ಸಿ?"

ಉತ್ತರವನ್ನು ಪ್ರೇಮಮ್ಮ ಕೊಟ್ಟಳು. "ಅಳ್ಸಿ ಎಂಡ್ತಿಗೆ ಒಬ್ಬಟ್ಟು ತಿನ್ಸಿದಾರೆ ಕಣವ್ವ! ಒಂದ್ ತಿಂಗ್ಳಿಂದ! ಸಿಹಿ ಕೊಡ್ಬ್ಯಾಡಿ ಅಂತ ಸರ್ಕಾರ ನಾಕ್ ಸಲ ಬರ್ದಿದ್ರೂವೆ!"

ಸರ್ವಮಂಗಳ ಹಿಡಿದಿದ್ದ ಕೈಯನ್ನು ಮೆಲ್ಲಗೆ ಬಿಟ್ಟಳು. "ಪದ್ಮಶ್ರೀ, ಇನ್ಮ್ಯಾಲೆ ನನ್ ಮೆಸೇಜು ಪ್ರೇಮಮ್ಮನ ಫೋನಿಗೆ ಬರ್ಲಿ ಕಣವ್ವ" ಎಂದಳು.

ಅಂದು ಸಂಜೆಯೇ ಮನೆಗೆ ಹಾಗಲಕಾಯಿ ಬಂತು. ಬೇಯಿಸಿ ಎರಡು ತಟ್ಟೆಗೆ ಹಾಕಿದ ಸರ್ವಮಂಗಳ ತನ್ನದನ್ನು ಮುಟ್ಟಲಿಲ್ಲ. ತಟ್ಟೆಯನ್ನು ಗಂಡನ ಕಡೆಗೆ ತಳ್ಳಿ, ಅವನ ಗಂಟಲನ್ನೇ ನೋಡುತ್ತ ಕುಳಿತಳು.

"ಮೊದ್ಲು ನೀವು ತಿನ್ನಿ. ನನ್ನ ತಟ್ಟೇದೂ ಒಂದ್ ತುತ್ತು. ಪ್ರೀತಿ ಕಣ್ರೀ."