ಅಂಡಮಾನಿನಲ್ಲಿ ಕಳೆದುಹೋದ ಕಮಲಾಬಾಯಿ

ಸಮುದ್ರದ ನಡುವೆ ನಿಂತು ಸಮುದ್ರವನ್ನೇ ನೋಡದೆ ಬಂದ ಮಹಾಪುರುಷ ನಮ್ಮ ಕಾಕಾನನ್ನು ಬಿಟ್ಟು ಇನ್ನೊಬ್ಬನಿದ್ದರೆ ತೋರಿಸಿ, ಅವನ ಕಾಲಿಗೆ ಬೀಳುತ್ತೇನೆ!

ಕಾಕಾನದು ಹುಮನಾಬಾದಿನಲ್ಲಿ ಬೀಜ-ಗೊಬ್ಬರದ ಅಂಗಡಿ. ಹೆಚ್ಚು ಮಾಲು ಮಾರಿದ ಅಂಗಡಿಕಾರರನ್ನು ಜೋಡಿಯಾಗಿ ಪ್ರವಾಸಕ್ಕೆ ಕಳಿಸುವ ಚಾಳಿಯನ್ನು ಹುಳದ ಔಷಧಿ ಕಂಪನಿಗಳು ಆಗಷ್ಟೇ ಶುರುಮಾಡಿದ್ದವು. ಆ ವರ್ಷ ತೊಗರಿಗೆ ವಿಪರೀತ ಹುಳ ಬಿತ್ತು. ಹುಳದ ಪುಣ್ಯದಿಂದ ಕಾಕಾನಿಗೆ ಅಂಡಮಾನ್ ಒಲಿಯಿತು.

"ಹೆಂಡ್ತಿ ಟಿಕೀಟ್ ಬದ್ಲಿ ಎರಡು ಫ್ಯಾನ್ ಕೊಡಾಕ ಬರಂಗಿಲ್ಲೇನ್ರಿ?" ಎಂದು ಕಂಪನಿಯವನನ್ನು ಕೇಳಿದ.

"ಇಲ್ರಿ ಸಾವ್ಕಾರ್ರ, ಜೋಡೀನೇ ಬರ್ಬೇಕು."

ಹೀಗೆ ಫ್ಯಾನು ಸಿಗದ ಸಂಕಟಕ್ಕೆ ಕಾಕಾನ ಹೆಂಡತಿ, ನಮ್ಮ ಕಾಕು, ಹೊರಟಳು. ಬಸವಕಲ್ಯಾಣದ ತವರಿನಿಂದ ಹುಮನಾಬಾದಿಗೆ ಬಂದದ್ದೇ ಅಲ್ಲಿಯವರೆಗೆ ಆಕೆಯ ವಿದೇಶಯಾತ್ರೆ.

ಇಲ್ಲೊಂದು ಮಾತು ಹೇಳಲೇಬೇಕು. ಕಾಕಾನ ಬಾಯಲ್ಲಿ ಕಾಕುವಿನ ಹೆಸರು 'ಏ'. ಏ, ಚಹಾ. ಏ, ಚಾವಿ. ನಮ್ಮಲ್ಲಿ ಎಮ್ಮೆಗೂ ಒಂದು ಹೆಸರಿಟ್ಟು ಕರೆಯುತ್ತಾರೆ, ಹೆಂಡತಿಗೆ ಮಾತ್ರ ಒಂದೇ ಅಕ್ಷರ ಸಾಕು! ಮದುವೆಯಲ್ಲಿ ಅತ್ತೆ ತವರಿನ ಹೆಸರು ಕಿತ್ತು 'ಕಮಲಾಬಾಯಿ' ಎಂದು ಹೊಸದಿಟ್ಟಳು, ಮರುದಿನದಿಂದಲೇ 'ಏ ಸೊಸಿ' ಎಂದಳು. ಮಕ್ಕಳಿಗೆ ಅವ್ವ, ನನಗೆ ಕಾಕು. ಪಾಪ, ಆ ಕಮಲಾಬಾಯಿ ರೇಷನ್ ಕಾರ್ಡಿನಲ್ಲೇ ಮುದುಕಿಯಾದಳು.

ಅಂಡಮಾನಿನಲ್ಲಿ ಕಾಕಾನ ಮೊದಲ ಅಪ್ಪಣೆ: "ಸಮುದ್ರ ಏನ್ ನೋಡ್ತಿ? ಬರೇ ನೀರು. ಕುಡ್ಯಾಕ ಬರಂಗಿಲ್ಲ, ಹೊಲಕ್ಕ ಹಾಯ್ಸಾಕ ಬರಂಗಿಲ್ಲ. ಖಾಲಿ ದಿಖಾವ!"

ಎರಡನೆಯ ದ್ವೀಪದಲ್ಲಿ ಹಾಲಿನಂಥ ಬಿಳಿ ಮರಳು. ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಕಾಕಾ ಒಂದು ಹಿಡಿ ಎತ್ತಿ ತಿಕ್ಕಿ ನೋಡಿ, "ಗ್ವಾಡಿ ಗಿಲಾಯಕ್ಕ ನಡ್ಯಂಗಿಲ್ಲ" ಎಂದು ಚೆಲ್ಲಿದ. ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಕಾಕು ಮೈಮರೆತು, "ಅಲ್ನೋಡ್ರಿ, ನೀಲಿ ಮೀನ!" ಎಂದಳು. "ಏ, ಸುಮ್ನ ಕೂಡು. ನೀ ಕುಣಿದ್ರ ಬೋಟ್ ಮುಳಗ್ತದ!" ಎಂದ. ದೋಣಿಯವರೆಲ್ಲ ನಕ್ಕರಂತೆ. ಕಾಕು ಆಮೇಲೆ ಮೀನು ನೋಡಲಿಲ್ಲ, ತನ್ನ ಕಾಲನ್ನೇ ನೋಡುತ್ತ ಕೂತಳು.

ಮರುದಿನ ಊರಿಗೆ ಹೊರಡಬೇಕು. ಕೊನೆಯ ದ್ವೀಪದಿಂದ ಸಂಜೆಯ ಕೊನೆಯ ಬೋಟು ಬಿಡುವುದರಲ್ಲಿತ್ತು. ಎಣಿಸಿದರೆ ಕಾಕು ಇಲ್ಲ! ಕಾಕಾ ಕಟ್ಟೆಯ ಮೇಲೆ ನಿಂತು "ಏ! ಏ!" ಎಂದು ಅರಚಿದ. ಅರ್ಧ ಭಾರತ ತಿರುಗಿ ನೋಡಿತು, ಕಾಕು ಬರಲಿಲ್ಲ. ಬೋಟಿನವರು ಟಿಕೀಟಿನ ಹೆಸರು ನೋಡಿ ಧ್ವನಿವರ್ಧಕದಲ್ಲಿ ಹಿಂದಿಯಲ್ಲಿ ಕೂಗಿದರು: ಕಮಲಾಬಾಯಿ, ಕಮಲಾಬಾಯಿ, ಎಲ್ಲಿದ್ದರೂ ಬೇಗ ಬರಬೇಕು.

ಕಾಕು ಅಲ್ಲೇ ಗಿಡಗಳ ಆಚೆ ಕಪ್ಪೆಚಿಪ್ಪು ಆರಿಸುತ್ತಿದ್ದಳು.

"ಕೇಳ್ತಿತ್ತವ್ವ" ಎಂದಳು, ನನಗೆ ಕಥೆ ಹೇಳುವಾಗ. "ಪಾಪ, ಯಾರೋ ಕಮಲಾಬಾಯಿ ಕಳದ್ಹೋಗ್ಯಾಳ, ಆಕಿ ಗಂಡ ಎಷ್ಟು ಬೈತಾನೋ ಏನೋ ಅಂತ ಮರುಗಿದೆ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ನನಗೆ ನಗು ಬರಲಿಲ್ಲ.

ಬೋಟು ಬಿಡುವ ಭೋಂಗಾ ಊದಿ ಆಗಿತ್ತು. ಹಗ್ಗ ಬಿಚ್ಚುತ್ತೇವೆ ಎಂದರು. ಆಗ ಕಾಕಾ ಬೋಟಿನವನ ಕೈಯಿಂದ ಮೈಕು ಕಸಿದುಕೊಂಡನಂತೆ. ಜೊತೆಗಿದ್ದ ಅಂಗಡಿಕಾರರು ಹೇಳಿದ್ದು: ಧ್ವನಿ ಒಡೆದಿತ್ತು. "ಶಾರದಾ! ಏ ಶಾರದಾ! ಎಲ್ಲಿದ್ದೀಯವ್ವ?" ಎಂದು ಮತ್ತೆ ಮತ್ತೆ ಕೂಗಿದ. ಅದು ತವರಿನ ಹೆಸರು. ಕರೆಯುತ್ತಿದ್ದ ಅಪ್ಪ-ಅವ್ವನ ಜೊತೆಗೇ ಮಣ್ಣಾಗಿದೆ ಎಂದು ನಾವೆಲ್ಲ ತಿಳಿದಿದ್ದ ಹೆಸರು.

ಕಾಕು ಬಂದಳು. ಕಾಕಾ ಮುಖ ಒರೆಸಿಕೊಂಡು, "ಏ, ಕಿವಿ ಕೆಪ್ಪಾಗ್ಯಾವೇನು?" ಎಂದ. ಊರಿಗೆ ಬಂದಮೇಲೆ ಮತ್ತೆ ಏ ಚಹಾ, ಏ ಚಾವಿ. ಶಾರದಾ ಎಂದು ಇನ್ನೊಮ್ಮೆ ಅನ್ನಲಿಲ್ಲ.

"ಶಾರದಾ ಅಂತ ಅಷ್ಟು ಸಲ ಕರಿಯಾಕತ್ತಿದ್ರು, ಬೋಟ್ ಬಿಡಾಕತ್ತಿತ್ತು, ಲಗೂನ ಯಾಕ ಬರ್ಲಿಲ್ಲ ಕಾಕು?" ಎಂದು ಕೇಳಿದೆ.

ಕಾಕು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಮೊದಲ್ನೇ ಸಲಕ್ಕೇ ಕೇಳಿತ್ತವ್ವ. ಬೋಟ್ ಹೋದ್ರ ಹೋಗ್ಲಿ, ಇನ್ನೊಮ್ಮಿ ಕರೀಲಿ ಅಂತ ಗಿಡದ ಹಿಂದ ನಿಂತಿದ್ದೆ."