ಘಾಟಿಯ ತುದಿಯ ಬೆಂಚು

ನಾನು ಘಾಟಿ ಹತ್ತಿಯೇ ತೀರುತ್ತೇನೆ! ಅದೂ ಸೈಕಲ್ ಮೇಲೆ! ಅರವತ್ತಕ್ಕೆ ಎರಡೇ ವರ್ಷ ಬಾಕಿ, ಎರಡೂ ಮಂಡಿ ಮುಷ್ಕರ ಹೂಡಿವೆ, ಆದರೂ ಗೇಟಿನ ಹತ್ತಿರ ನಿಂತು ಇಡೀ ಬೀದಿಗೆ ಕೇಳುವ ಹಾಗೆ ಸಾರಿಬಿಟ್ಟೆ. ಬಟ್ಟೆ ಒಣಹಾಕುತ್ತಿದ್ದ ಎದುರುಮನೆಯಾಕೆ ಬಾಯಲ್ಲಿದ್ದ ಕ್ಲಿಪ್ಪು ತೆಗೆದಳು.

"ಅಕ್ಕ, ನೀವು ಮನೆಯ ಮೂರು ಮೆಟ್ಟಿಲು ಹತ್ತೋಕೇ ಎರಡು ಸಲ ಕೂರ್ತೀರಿ."

"ಘಾಟಿಗೆ ಮೆಟ್ಟಿಲಿಲ್ಲ," ಅಂದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ನನ್ನ ಗಂಡ ಬೀಗ ರಿಪೇರಿ ಮಾಡುತ್ತಿದ್ದರು. ವಾರಕ್ಕೆ ಆರು ದಿನ ಅಂಗಡಿ, ಭಾನುವಾರ ಸೈಕಲ್. ನದಿ ಪಕ್ಕದ ರಸ್ತೆಯಲ್ಲಿ ಹೋಗಿ, ಘಾಟಿ ಹತ್ತಿ, ಇಳಿದು, ಮಧ್ಯಾಹ್ನಕ್ಕೆ ಮನೆ. ಮೂವತ್ತು ವರ್ಷ ಹೀಗೆ. ಕೊನೆಯ ನಾಲ್ಕು ವರ್ಷ ಮಾತ್ರ ಬಂದ ತಕ್ಷಣ ಒಂದೇ ಮಾತು.

"ಘಾಟಿ ತುದೀಲಿ ಒಂದು ಬೆಂಚಿದೆ ಕಣೇ. ಕೂತ್ರೆ ನದಿ ಕಾಣುತ್ತೆ. ಒಂದ್ಸಲ ಬಾ."

"ಬಟ್ಟೆ ಒಗೆಯೋರು ಯಾರು, ನಿಮ್ಮ ನದೀನಾ?"

ನಾಲ್ಕು ವರ್ಷ ಕರೆದರು. ನಾಲ್ಕು ವರ್ಷವೂ ಬಟ್ಟೆ ಇತ್ತು. ಏಳು ತಿಂಗಳ ಹಿಂದೆ ಅಂಗಡಿಯಲ್ಲಿ ಕೂತಲ್ಲೇ ಹೋದರು. ಕೈಯಲ್ಲಿ ಯಾರದೋ ಬೀಗ ಇತ್ತು. ಎದೆ ನಿಂತಿತು ಅಂದರು ಡಾಕ್ಟರು. "ಘಾಟಿ ಹತ್ತೋ ಎದೆ ಸ್ವಾಮಿ ಅದು, ಸರಿಯಾಗಿ ನೋಡಿ!" ಎಂದು ಹಾರಾಡಿದೆ. ಅವರು ನನ್ನನ್ನೇ ಒಂದು ಥರಾ ನೋಡಿದರು.

ಈಗ ಒಬ್ಬಳದೇ ಬಟ್ಟೆ. ಅರ್ಧ ಗಂಟೆಗೆ ಮುಗಿಯುತ್ತದೆ. ಆ ಬೆಂಚಿನ ಮೇಲೆ ಒಂದು ಸಲ ಕೂರಬೇಕು. ಅಷ್ಟೇ.

ಇನ್ನೊಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಘಾಟಿಯ ಬಗ್ಗೆ ಜಂಬ ಕೊಚ್ಚಿದ್ದು ಅವರಲ್ಲ, ನಾನು. ಅವರು ಬರುವಾಗ ಚಕ್ರದ ತುಂಬಾ ಕೆಸರು. ಗೇಟಿನಲ್ಲೇ ನಿಲ್ಲಿಸಿ ನೀರು ಸುರಿಯುತ್ತಾ, "ನೋಡಿ ಘಾಟಿ ಕೆಸರು! ಇಡೀ ಬೆಟ್ಟಾನೇ ಹೊತ್ಕೊಂಡು ಬಂದಿದ್ದಾರೆ!" ಎಂದು ಬಯ್ಯುವ ನೆಪದಲ್ಲಿ ಬೀದಿಗೆಲ್ಲ ಕೇಳಿಸುತ್ತಿದ್ದೆ. ಬೀದಿ ಅವರಿಗೆ ಘಾಟಿ ಹುಲಿ ಎಂದು ಹೆಸರಿಟ್ಟಿತು. ಬಿರುಬೇಸಿಗೆಯಲ್ಲೂ ಕೆಸರು ಬರುತ್ತಿತ್ತು. ಎಲ್ಲಿಂದ ಎಂದು ನಾನು ಕೇಳಲಿಲ್ಲ. ಹುಲಿಯ ಹೆಂಡತಿಗೆ ಅದೆಲ್ಲ ಯಾಕೆ!

ಮೊದಲು ಗೋಡೆಯಿಂದ ಅವರ ಸೈಕಲ್ ಇಳಿಸಿದೆ. ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್. ಅವರ ಬೂಟು ಹಾಕಿ, ಬೀರು ಹಿಡಿದು ಹತ್ತಿದೆ. ಬೂಟು ಪೆಡಲಿಗೆ ಟಕ್ ಎಂದು ಕಚ್ಚಿಕೊಂಡಿತು. ಎಳೆದೆ, ಬರಲಿಲ್ಲ. ಇನ್ನೊಂದು ಕಾಲಿಟ್ಟು ನೋಡಿದೆ. ಅದೂ ಟಕ್! ಊರಿನ ಬೀಗಗಳನ್ನೆಲ್ಲ ಬಿಡಿಸಿದವರ ಹೆಂಡತಿ, ತನ್ನ ಹಜಾರದಲ್ಲೇ ಸೈಕಲ್ಲಿಗೆ ಬೀಗ ಬಿದ್ದು, ಬೀರು ತಬ್ಬಿಕೊಂಡು ಮುಕ್ಕಾಲು ಗಂಟೆ ನಿಂತಳು!

ಕೂಗಿಗೆ ಓಡಿ ಬಂದವರು ಬೀದಿ ಕೊನೆಯ ಕ್ಷೌರದಂಗಡಿಯವರು. ನನ್ನ ಗಂಡನ ಸೈಕಲ್ ಗೆಳೆಯ. ನನ್ನನ್ನು ಅತ್ತಿಗೆ ಅನ್ನುತ್ತಾರೆ.

"ಹಿಮ್ಮಡಿ ಹೊರಗೆ ತಿರುಗಿಸಿ ಅತ್ತಿಗೆ, ಬಿಡುತ್ತೆ."

ತಿರುಗಿಸಿದೆ. ಬಿಟ್ಟಿತು. ಬೀರಿನ ಬಾಗಿಲೂ ಕಿತ್ತು ಬಂತು!

ಅವರ ಹತ್ತಿರ ಎರಡು ಸೀಟಿನ ಜೋಡಿ ಸೈಕಲ್ ಇದೆ. ಅವರ ಹೆಂಡತಿ ಒಂದು ಸಲ ಕೂತು ಇಳಿದವರು ಮತ್ತೆ ಅದರ ಸುದ್ದಿ ಎತ್ತಿಲ್ಲ. "ಅದರಲ್ಲಿ ನನ್ನನ್ನ ಘಾಟಿಗೆ ಕರ್ಕೊಂಡು ಹೋಗಿ," ಅಂದೆ. ಅವರ ಮುಖ ಅರ್ಧ ಬೋಳಿಸಿದ ಗಡ್ಡದ ಹಾಗಾಯಿತು.

"ರಸ್ತೆ ಸರಿಯಿಲ್ಲ ಅತ್ತಿಗೆ."

"ಅವರು ಹೋಗ್ತಿರಲಿಲ್ವಾ?"

"ಮೇಲೆ ಗಾಳಿ ಜಾಸ್ತಿ."

"ಅವರಿಗೆ ಬೀಸ್ತಿರಲಿಲ್ವಾ?"

"ಆ ಬೆಂಚು... ಅಷ್ಟೇನೂ ಚೆನ್ನಾಗಿಲ್ಲ."

"ನಾನು ಹೋಗ್ತಿರೋದು ಕೂರೋಕೆ, ಕೊಳ್ಳೋಕಲ್ಲ!"

ಭಾನುವಾರ ಬೆಳಿಗ್ಗೆ ಹೊರಟೆವು. ನನ್ನ ಗಂಡನ ಹಳದಿ ಸೈಕಲ್ ಅಂಗಿ ಹಾಕಿಕೊಂಡೆ. ಮೂರು ಜೇಬು ಮುಂದೆ ಬಂದವು, ಜಿಪ್ಪು ಬೆನ್ನಿಗೆ ಹೋಯಿತು. ಜೇಬು ಮುಂದೆ ತಾನೇ ಇರಬೇಕು? ಅಲ್ಲವಂತೆ. ಬೀದಿ ಪೂರಾ ನಿಂತು ನೋಡಿತು, ಯಾರೂ ಹೇಳಲಿಲ್ಲ.

ನದಿ ಪಕ್ಕದ ರಸ್ತೆ ಚಪ್ಪಟೆ. ಕ್ಷೌರದಂಗಡಿಯವರು ಆಮೆಯ ಹಾಗೆ ತುಳಿಯುತ್ತಿದ್ದರು. ಘಾಟಿಯ ಬುಡದಲ್ಲಿ ಒಂದು ಚಹಾ ಅಂಗಡಿ. ಅದು ಕಂಡದ್ದೇ ತಡ, ಮನುಷ್ಯನಿಗೆ ದೆವ್ವ ಹಿಡಿಯಿತು!

"ತುಳೀರಿ ಅತ್ತಿಗೆ! ಆ ಕಡೆ ನೋಡಬೇಡಿ!"

ಅಂಗಡಿಯಾಕೆ ಸೌಟು ಎತ್ತಿ, "ಏ, ನಿಲ್ಲಿ! ನಿಲ್ಲಿ!" ಎಂದು ಕೂಗುತ್ತಿದ್ದಳು.

"ಆಕೆಗೆ ನೀವು ಬಾಕಿ ಕೊಡಬೇಕಾ?" ಅಂದೆ.

"ಹೂಂ, ಹೂಂ, ತುಳೀರಿ!"

ನನಗೆ ಏನೂ ಅರ್ಥವಾಗಲಿಲ್ಲ. ತುಳಿದೆ.

ಹದಿನಾಲ್ಕು ತಿರುವು! ಮೂರರಲ್ಲಿ ಇಳಿದು ನೂಕಿದೆವು. ಹನ್ನೊಂದರಲ್ಲಿ ತುಳಿದೆವು. ಲಾರಿಯವರು ಹಾರ್ನ್ ಹೊಡೆದು ಕೈಬೀಸಿದರು. ನನ್ನ ಮಂಡಿಗಳು ನನ್ನ ತವರುಮನೆಯವರನ್ನೆಲ್ಲ ಹೆಸರು ಹಿಡಿದು ಕರೆದವು. ಕೊನೆಗೆ ರಸ್ತೆ ಮೇಲೇರುವುದನ್ನು ಬಿಟ್ಟಿತು. ತುದಿ! ಬೀಗರ ಮನೆಗೆ ಬಂದ ದೊಡ್ಡ ಹೆಂಗಸಿನ ಹಾಗೆ ಇಳಿದು, ಕೂರಲು ಜಾಗ ನೋಡಿದೆ.

ಒಂದು ಬೋರ್ಡು. ಒಂದು ಜಲ್ಲಿ ರಾಶಿ. ಗಾಳಿ. ಬೆಂಚಿಲ್ಲ.

"ಬೆಂಚೆಲ್ಲಿ?"

"ಯಾರೋ ಹೊತ್ಕೊಂಡು ಹೋಗಿರ್ಬೇಕು ಅತ್ತಿಗೆ."

"ಇಲ್ಲೀತನಕ ಹತ್ತಿ, ಬೆಂಚನ್ನ?"

ಜಲ್ಲಿ ರಾಶಿಯ ಹಿಂದೆ ರಸ್ತೆ ರಿಪೇರಿಯವನೊಬ್ಬ ಬುತ್ತಿ ಬಿಚ್ಚಿಕೊಂಡು ಕೂತಿದ್ದ. ಅವನನ್ನು ಕೇಳಿದೆ.

"ಹನ್ನೆರಡು ವರ್ಷದಿಂದ ಇಲ್ಲಿ ಗುಂಡಿ ಮುಚ್ತಿದ್ದೀನಮ್ಮ. ಬೆಂಚಿದ್ರೆ ನಾನ್ಯಾಕೆ ನೆಲದ ಮೇಲೆ ಕೂತು ತಿಂತಿದ್ದೆ?"

ಹಾಗಾದರೆ ಇದು ಬೇರೆ ಘಾಟಿ! ದಾರಿ ತಪ್ಪಿದ್ದೇವೆ! "ನದಿ ಎಡಕ್ಕಿರ್ಬೇಕು, ಇಲ್ಲಿ ಬಲಕ್ಕಿದೆ," ಎಂದು ವಾದ ಹೂಡಿದೆ.

"ನೀವು ತಿರುಗಿ ನಿಂತಿದ್ದೀರಿ ಅತ್ತಿಗೆ."

ಈ ಕಡೆ ತಿರುಗಿದೆ. ನದಿ ಎಡಕ್ಕೆ ಬಂತು. ಬೆಂಚು ಬರಲಿಲ್ಲ.

ಜಲ್ಲಿ ರಾಶಿಯ ಮೇಲೆ ಕೂತುಬಿಟ್ಟೆ. ನಾಲ್ಕು ವರ್ಷ, ಪ್ರತಿ ಭಾನುವಾರ, ಅದೇ ಬೆಂಚು, ಅದೇ ಮಾತು. "ನನ್ನ ಹತ್ರ ಸುಳ್ಳು ಹೇಳ್ತಿದ್ರಾ?" ಎಂದು ಕೇಳಿದೆ. ಕ್ಷೌರದಂಗಡಿಯವರು ಚೈನು ಒರೆಸತೊಡಗಿದರು. ಚೈನು ಚೊಕ್ಕಟವಾಗಿಯೇ ಇತ್ತು.

ಇಳಿಯುವಾಗ ಗೊತ್ತಾಯಿತು, ಹಿಂದಿನ ಸೀಟಿಗೆ ಬ್ರೇಕ್ ಇಲ್ಲ. ಬಾಯಿ ಮಾತ್ರ.

"ಬ್ರೇಕ್ ಹಿಡೀರಿ!"

"ಹಿಡಿದಿದ್ದೀನಿ! ನೀವು ನನ್ನ ಕಿವಿ ಬಿಡಿ!"

ಬಿಡಲಿಲ್ಲ. ಬಲಗಿವಿ ಎಳೆದರೆ ಸೈಕಲ್ ಬಲಕ್ಕೆ, ಎಡಗಿವಿ ಎಳೆದರೆ ಎಡಕ್ಕೆ. ಹದಿಮೂರು ತಿರುವು ಹೀಗೆ ಇಳಿದೆವು. ಹದಿನಾಲ್ಕನೆಯದರಲ್ಲಿ ಯಾವ ಕಿವಿ ಎಂದು ನನಗೆ ಗೊಂದಲವಾಯಿತು. ನೇರ ಚಹಾ ಅಂಗಡಿಯ ಅಂಗಳಕ್ಕೆ ನುಗ್ಗಿ, ಧಡ್ ಎಂದು ಏನಕ್ಕೋ ಗುದ್ದಿ, ಅದರ ಮೇಲೇ ಬಿದ್ದೆ.

ಅಂಗಡಿಯಾಕೆ ಓಡಿ ಬಂದಳು. ನನ್ನನ್ನು ನೋಡಲಿಲ್ಲ, ಅಂಗಿ ನೋಡಿದಳು.

"ಅಯ್ಯೋ, ಬೆಂಚಿನ ಯಜಮಾನ್ರ ಅಂಗಿ! ಅವರೆಲ್ಲಿ? ಬರದೆ ಎಷ್ಟು ತಿಂಗಳಾಯ್ತು!"

"ಯಾವ ಬೆಂಚು?"

"ನೀವೀಗ ಬಿದ್ದಿದ್ದೀರಲ್ಲ, ಇದೇ."

ಎದ್ದು ಕೂತೆ. ಮುಂದೆ ನದಿ ಕಾಣುತ್ತಿತ್ತು. ಘಾಟಿ ಮೇಲೆಲ್ಲೋ ಇತ್ತು. ಅವರು ಹೋದರು ಎಂದು ಹೇಳಿದೆ. ಅಂಗಡಿಯಾಕೆ ಸೌಟು ಕೆಳಗಿಟ್ಟಳು.

"ಎರಡು ಗಂಟೆ ಇಲ್ಲೇ ಕೂರೋರು. ಈ ತುದೀಲಿ ಅವರು, ಆ ತುದೀಲಿ ಅವರ ಹೆಲ್ಮೆಟ್ಟು. ಅಲ್ಲಿ ಯಾರನ್ನೂ ಕೂರೋಕೆ ಬಿಡ್ತಿರಲಿಲ್ಲ, ನಮ್ಮ ಮನೆಯೋಳು ಬರ್ತಾಳೆ ಅನ್ನೋರು. ನನ್ನ ಗಿರಾಕಿಗಳೆಲ್ಲ ನಿಂತು ಕುಡಿದ್ರು ನಾಲ್ಕು ವರ್ಷ!" ನಂತರ ನದಿಯ ಅಂಚು ತೋರಿಸಿದಳು. "ಹೊರಡೋ ಮುಂಚೆ ಸೈಕಲ್ಲನ್ನ ಅಲ್ಲಿಳಿಸಿ ಕೆಸರಲ್ಲಿ ಉರುಳಿಸೋರು. ಯಾಕ್ರೀ ಅಂದ್ರೆ, ನನ್ನ ಹೆಂಡ್ತಿ ಬೀದಿಗೆಲ್ಲ ಹುಲಿ ಅಂತ ಹೇಳಿಬಿಟ್ಟಿದ್ದಾಳೆ, ಅವಳ ಮಾತು ಬೀಳಬಾರ್ದು ಅನ್ನೋರು."

ನಾನು ಕ್ಷೌರದಂಗಡಿಯವರ ಕಡೆ ತಿರುಗಿದೆ. ಅವರ ಎರಡೂ ಕಿವಿ ಕೆಂಪಗಿದ್ದವು.

"ನಾಲ್ಕು ವರ್ಷದ ಹಿಂದೆ ಡಾಕ್ಟ್ರು ಏರು ಹತ್ತಬೇಡಿ ಅಂದಿದ್ರು ಅತ್ತಿಗೆ. ನಿಮಗೆ ಹೇಳಬಾರ್ದು ಅಂತ ಆಣೆ ಹಾಕಿಸಿದ್ರು. ನನ್ನ ಕತ್ತರಿ ಮುಟ್ಟಿಸಿ!"

ಹೆಲ್ಮೆಟ್ ಇರುತ್ತಿದ್ದ ತುದಿಗೆ ಸರಿದು ಕೂತೆ. ಚಹಾ ಬಂತು. ಆರಿ ತಣ್ಣಗಾಯಿತು. ಇನ್ನೊಂದು ಬಂತು. ಅದನ್ನು ಕುಡಿದೆ.

ಸಂಜೆ ಬೀದಿಗೆ ಬಂದಾಗ ಎದುರುಮನೆಯಾಕೆ ಗೇಟಿನಲ್ಲೇ ಕಾಯುತ್ತಿದ್ದಳು. ಅವಳ ಹಿಂದೆ ಇನ್ನೂ ಐದಾರು ಜನ.

"ಹತ್ತಿದ್ರಾ ಅಕ್ಕ?"

"ಹತ್ತಿದೆ! ಹದಿನಾಲ್ಕು ತಿರುವು! ತುದೀತನಕ!"

ಅವಳು ಬಗ್ಗಿ ನೋಡಿದಳು. ಮುಂದಿನ ಚಕ್ರ ನೋಡಿದಳು, ಹಿಂದಿನ ಚಕ್ರ ನೋಡಿದಳು, ಬೆರಳಿಂದ ಉಜ್ಜಿಯೂ ನೋಡಿದಳು.

"ಒಂದು ಚೂರೂ ಕೆಸರಿಲ್ಲವಲ್ಲ ಅಕ್ಕ! ಯಜಮಾನ್ರು ಬಂದ್ರೆ ಚಕ್ರ ತುಂಬಾ ಘಾಟಿ ಕೆಸರು ಇರ್ತಿತ್ತು. ನೀವೇ ತೋರಿಸ್ತಿದ್ರಿ. ನಿಜ ಹೇಳಿ, ಹತ್ತಿದ್ರಾ?"

ಕ್ಷೌರದಂಗಡಿಯವರು ಸಾಕ್ಷಿ ಹೇಳಲು ಬಾಯಿ ತೆರೆದರು. ಅವರ ಪಾದ ತುಳಿದೆ. ಇಡೀ ದಿನ ಅಷ್ಟು ಜೋರಾಗಿ ಪೆಡಲನ್ನೂ ತುಳಿದಿರಲಿಲ್ಲ.

"ಇಲ್ಲ," ಅಂದೆ. "ಕೆಳಗೇ ಕೂತು ಚಹಾ ಕುಡಿದು ಬಂದೆ."

"ಅದಕ್ಕೇ ನಾನು ಹೇಳಿದ್ದು! ಘಾಟಿ ಹುಲಿ ಥರ ಎಲ್ಲರಿಗೂ ಆಗುತ್ತಾ ಅಕ್ಕ?"

"ಎಲ್ಲಿ ಆಗುತ್ತೆ!"

ಬೀದಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ಎಲ್ಲರ ಕಣ್ಣೆದುರೇ ಮನೆಯ ಮೂರು ಮೆಟ್ಟಿಲನ್ನು ಎರಡು ಸಲ ಕೂತು ಹತ್ತಿದೆ.