ಭಾವನ ಮನೆಯಲ್ಲಿ ಉಸಿರು ಬಿಡುವಂತಿಲ್ಲ

ನಮ್ಮ ಭಾವನ ಮನೆಯಲ್ಲಿ ನೀವು ಉಸಿರನ್ನು ಎಷ್ಟು ಬೇಕಾದರೂ ಎಳೆದುಕೊಳ್ಳಬಹುದು. ಬಿಡುವಂತಿಲ್ಲ, ಅಷ್ಟೆ! ಉತ್ಪ್ರೇಕ್ಷೆ ಅನ್ನಿಸಿತೇ? ಹಾಗಾದರೆ ಒಮ್ಮೆ ಕಗ್ಗದಾಸಪುರಕ್ಕೆ ಹೋಗಿ ಬನ್ನಿ. ಬಾಗಿಲು ತೆರೆದ ಭಾವ ನಿಮ್ಮ ಮುಖ ನೋಡುವುದಿಲ್ಲ, ಪಕ್ಕದ ಗೋಡೆಯಲ್ಲಿರುವ ಪುಟ್ಟ ಮೀಟರಿನ ಮುಖ ನೋಡುತ್ತಾರೆ. ಅದರ ಅಂಕಿ ಏರದಿದ್ದರೆ "ಬನ್ನಿ, ಚೆನ್ನಾಗಿದ್ದೀರಾ?" ಎಂಬ ಉಪಚಾರ. ಏರಿತೋ, "ಮೆಟ್ಟಿಲು ಹತ್ಕೊಂಡು ಬಂದ್ರಾ? ಸ್ವಲ್ಪ ಹೊರಗೇ ನಿಂತು ಸುಧಾರಿಸ್ಕೊಂಡು ಬನ್ನಿ!" ಏದುಸಿರಿನಲ್ಲಿ ತೇವ ಜಾಸ್ತಿಯಂತೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ವಿಮಾನಪುರದ ಕಾರ್ಖಾನೆಯಲ್ಲಿ ವಿಮಾನದ ಬಾಗಿಲುಗಳಿಂದ ಗಾಳಿ ಸೋರದಂತೆ ನೋಡಿಕೊಳ್ಳುವ ಕೆಲಸ ಮಾಡಿ ನಿವೃತ್ತರಾದವರು. ಅಕ್ಕನಿಗೆ ಮೊದಲಿನಿಂದಲೂ ಉಬ್ಬಸ. ಅವರಿದ್ದ ಬಾಡಿಗೆ ಮನೆಯಲ್ಲಿ ಮಳೆಗಾಲಕ್ಕೆ ಗೋಡೆಯ ಬೂಷ್ಟು, ಬೇಸಿಗೆಗೆ ರಸ್ತೆಯ ಧೂಳು. ಎರಡರಲ್ಲಿ ಯಾವುದು ಬಂದರೂ ಅವಳು ರಾತ್ರಿಯೆಲ್ಲ ದಿಂಬಿಗೆ ಒರಗಿ ಕುಳಿತೇ ಬೆಳಗು ಮಾಡಬೇಕು. ಅದಕ್ಕೇ ಮಗಳು ಚಿಕ್ಕವಳಿದ್ದಾಗ ಸ್ವಂತ ಮನೆ ಕಟ್ಟಿಸಿದ ಭಾವ ಕಲಿತ ವಿದ್ಯೆಯನ್ನೆಲ್ಲ ಅದರಲ್ಲೇ ಸುರಿದರು. ಒಂದು ಬಿರುಕಿಲ್ಲ, ಒಂದು ಸಂದಿಲ್ಲ. ಕಿಟಕಿಗಳಿವೆ, ಆದರೆ ನೋಡುವುದಕ್ಕೆ ಮಾತ್ರ. ಮನೆಗೆ ಬೇಕಾದ ಗಾಳಿಯನ್ನು ಅಟ್ಟದ ಮೇಲಿನ ಒಂದು ಯಂತ್ರ ಸೋಸಿ ಒಳಗೆ ತರುತ್ತದೆ, ಹಳೆಯ ಗಾಳಿಯನ್ನು ಹೊರಗೆ ದೂಡುತ್ತದೆ. ಆ ಯಂತ್ರಕ್ಕೆ ಅಕ್ಕ ಇಟ್ಟಿರುವ ಹೆಸರು "ಸವತಿ".

"ನಂಗೆ ಜ್ವರ ಬಂದ್ರೆ ಮಾತ್ರೆ ತಗೋ ಅಂತಾರೆ. ಅವಳು ಸ್ವಲ್ಪ ಗೊರ್ ಅಂದ್ರೆ ಸಾಕು, ಏಣಿ ಹಾಕ್ಕೊಂಡು ಹತ್ತಿ ಮೈದಡವ್ತಾರೆ!"

ಅಕ್ಕನ ಉಬ್ಬಸವೇನೋ ನಿಂತಿತು, ಅದನ್ನು ಒಪ್ಪಲೇಬೇಕು. ಆದರೆ ಮೊದಲ ಮಳೆಗಾಲದಲ್ಲೇ ಹೊಸ ಸಂಗತಿಯೊಂದು ಬಯಲಾಯಿತು. ಕಿಟಕಿಯ ಗಾಜಿಗೆಲ್ಲ ಒಳಗಿನಿಂದ ಬೆವರು! ಯಾಕೆಂದರೆ ವಿಮಾನದಲ್ಲಿ ಯಾರೂ ಇಡ್ಲಿ ಬೇಯಿಸುವುದಿಲ್ಲ, ಯಾರೂ ತಲೆಗೆ ಎಣ್ಣೆ ಹಚ್ಚಿಕೊಂಡು ಹಂಡೆ ನೀರು ಸುರಿದುಕೊಳ್ಳುವುದಿಲ್ಲ. ಭಾವ ಮರೆತದ್ದು ಅದನ್ನೇ. ಸೋರದ ಮನೆಯಲ್ಲಿ ಒಳಗೆ ಹುಟ್ಟಿದ ತೇವ ಒಳಗೇ ಉಳಿಯುತ್ತದೆ. ತೇವ ಉಳಿದರೆ ಬೂಷ್ಟು, ಬೂಷ್ಟು ಬಂದರೆ ಮತ್ತೆ ಅಕ್ಕನ ಉಬ್ಬಸ. ಅಂದು ಭಾವ ಗಾಳಿಯ ತೇವದ ಮೇಲೆ ಯುದ್ಧ ಸಾರಿದರು. ತೇವ ಹೀರುವ ಇನ್ನೊಂದು ಯಂತ್ರ ಬಂತು, ಕೋಣೆಗೊಂದು ಮೀಟರ್ ಬಂತು. ಅಂಕಿ ಐವತ್ತು ದಾಟಿದರೆ ಮೀಟರ್ ಕೀ ಕೀ ಅನ್ನುತ್ತದೆ, ಭಾವ ಓಡಿ ಬರುತ್ತಾರೆ.

ಇಡ್ಲಿಗೆ ಗಡಿಪಾರಾಯಿತು. ಸಾರು ಕುದಿಯಬಹುದು, ಆದರೆ ಮುಚ್ಚಳದ ಕೆಳಗೆ. ಒಂದು ದಿನ ಅಕ್ಕ ಉಪ್ಪು ನೋಡಲೆಂದು ಮುಚ್ಚಳ ಎತ್ತಿದಳು, ಮೀಟರ್ ಕೀ ಅಂದಿತು, ಭಾವ ಹಾಜರ್!

"ಎಷ್ಟು ಸಲ ಹೇಳೋದು? ಕುದಿಯೋದಾದ್ರೆ ಮುಚ್ಕೊಂಡು ಕುದೀಲಿ!"

"ಇಷ್ಟು ವರ್ಷದಿಂದ ನಾನೂ ಮುಚ್ಕೊಂಡೇ ಕುದೀತಾ ಇದ್ದೀನಿ, ನಿಮ್ಮ ಮೀಟರಿಗೆ ಅದು ಗೊತ್ತಾಗಲ್ವಾ?"

ದೀಪಾವಳಿಗೆ ಹೋದ ನಾನು ಎಣ್ಣೆಸ್ನಾನ ಮಾಡಿ ಒದ್ದೆ ಕೂದಲಲ್ಲಿ ಹಾಲಿಗೆ ಬಂದೆ. ಭಾವ ಕೈಯಲ್ಲೊಂದು ಮೀಟರ್ ಹಿಡಿದು ನನ್ನ ಜಡೆಯ ಹಿಂದೆಯೇ ಮನೆ ಸುತ್ತಿದರು. ಕೊನೆಗೆ ಹಬ್ಬದ ಒಬ್ಬಟ್ಟನ್ನು ನಾನು ತಿಂದದ್ದು ತಾರಸಿಯ ಮೇಲೆ, ಒಣಗಲು ಹಾಕಿದ ಟವೆಲುಗಳ ಸಾಲಿನಲ್ಲಿ!

ಶಿವಾಜಿನಗರದಲ್ಲೊಂದು ಶೂ ಅಂಗಡಿಯಿದೆ. ಹೊಸ ಶೂ ಡಬ್ಬಿಯಲ್ಲಿ ತೇವ ಹೀರುವ ಹರಳಿನ ಪುಟ್ಟ ಪೊಟ್ಟಣ ಇಟ್ಟಿರುತ್ತಾರಲ್ಲ, ಭಾವನಿಗೆ ಅದು ಬೇಕು, ಚೀಲಗಟ್ಟಲೆ ಬೇಕು. ಅಂಗಡಿಯ ಭಾಯಿ ಕೊಡುವಷ್ಟು ದಿನ ಕೊಟ್ಟು ಕೊನೆಗೆ ಕೈಮುಗಿದರಂತೆ. "ಸಾಬ್, ಎಲ್ರೂ ಶೂ ತಗೊಂಡು ಪೊಟ್ಲ ಬಿಸಾಕ್ತಾರೆ. ನೀವು ಪೊಟ್ಲ ತಗೊಂಡು ಶೂ ಬಿಟ್ಟು ಹೋಗ್ತೀರಿ. ಒಂದ್ ದಫಾ ಚಪ್ಲಿನಾದ್ರೂ ತಗೊಳ್ಳಿ ಸಾಬ್!"

ಇಷ್ಟೇ ಆಗಿದ್ದರೆ ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಆದರೆ ಈ ಮೀಟರು ಒಂದು ಮದುವೆಯನ್ನೇ ಮುರಿಯುವುದಕ್ಕೆ ಹೊರಟಿತಲ್ಲ!

ಭಾವನಿಗೆ ಒಬ್ಬಳೇ ಮಗಳು. ತೇವದ ಈ ಪರಮವೈರಿ ಮಗಳಿಗೆ ಇಟ್ಟ ಹೆಸರೇನು ಗೊತ್ತೆ? ವರ್ಷಾ! ಅವಳಿಗೆ ಆಫೀಸಿನಲ್ಲಿ ಒಬ್ಬ ಹುಡುಗ ಮೆಚ್ಚುಗೆಯಾಗಿದ್ದ. ಹಾವೇರಿಯ ಕಡೆಯವನು, ಬಾಣಸವಾಡಿಯಲ್ಲಿ ತಾಯಿಯ ಜೊತೆ ಇದ್ದ. ತಾಯಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು, ಹಾಗಾಗಿ ನಮ್ಮೆಲ್ಲರ ಬಾಯಲ್ಲಿ "ಮೇಡಂ". ತಂದೆಯಿಲ್ಲದ ಹುಡುಗ, ತಾಯಿ ಒಪ್ಪದೆ ಹೆಜ್ಜೆ ಇಡುವವನಲ್ಲ. ವರ್ಷಾಳೂ ಅಷ್ಟೇ. "ಅವರಮ್ಮ ಮನಸ್ಸಾರೆ ಒಪ್ಪಿದ್ರೆ ಮಾತ್ರ ಚಿಕ್ಕಮ್ಮಾ" ಎಂದು ನನ್ನ ಕಿವಿಯಲ್ಲಿ ಹೇಳಿದ್ದಳು.

ಜೂನ್ ತಿಂಗಳ ಒಂದು ಭಾನುವಾರ, ಧೋ ಎಂದು ಮಳೆ ಸುರಿಯುವಾಗಲೇ ಅವರು ಬಂದರು. ಹುಡುಗ ತಾಯಿಯನ್ನು ಬಾಗಿಲಲ್ಲಿ ಇಳಿಸಿ ಕಾರು ನಿಲ್ಲಿಸಿ ಬರುತ್ತೇನೆಂದು ಹೋದ. ಕಗ್ಗದಾಸಪುರದಲ್ಲಿ ಕಾರು ನಿಲ್ಲಿಸಲು ಹೋದವನು ಅಷ್ಟು ಬೇಗ ಬಂದಾನೆಯೇ? ಅವನು ಬರುವ ಹೊತ್ತಿಗೆ ಆಗಬಾರದ್ದೆಲ್ಲ ಆಗಿಹೋಗಿತ್ತು. ವರ್ಷಾ ಒಳಗೆ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು. ಅಕ್ಕ ಮತ್ತು ನಾನು ಅಡುಗೆಮನೆಯಲ್ಲಿ ಉಪ್ಪಿಟ್ಟಿನ ಬಾಣಲೆಗೊಂದು ಮುಚ್ಚಳ, ಹಾಲಿಗೊಂದು ಮುಚ್ಚಳ ಒತ್ತಿ ಹಿಡಿದು ನಿಂತಿದ್ದೆವು. ನಡುಮನೆಯಲ್ಲಿ ಭಾವ, ಮೇಡಂ, ಇಬ್ಬರೇ. ಮೇಡಂ ಕೈಯಲ್ಲಿ ಮುಚ್ಚಳ ಹಾಕಿದ ಚಹಾದ ಲೋಟ!

ಇನ್ನೊಂದು ವಿಷಯ ಹೇಳಬೇಕು. ಕಾರ್ಖಾನೆಯ ಕನ್ನಡ ಸಂಘದಲ್ಲಿ ಓಡಾಡಿದ ಭಾವನಿಗೆ ಇಂಗ್ಲಿಷಿನ "ಹ್ಯುಮಿಡಿಟಿ" ಎಂಬ ಶಬ್ದ ಆಗಿಬರುವುದಿಲ್ಲ. ಅಚ್ಚುಕಟ್ಟಾಗಿ "ಆರ್ದ್ರತೆ" ಎನ್ನುತ್ತಾರೆ. ಅದರಲ್ಲೂ ಎದುರಿಗೆ ಕನ್ನಡ ಮೇಡಂ ಕುಳಿತಿರುವಾಗ ಬಿಡುತ್ತಾರೆಯೇ?

"ನೋಡಿ ಮೇಡಂ, ಸಂಸಾರದಲ್ಲಿ ನಾನು ಒಂದೇ ಒಂದು ವಿಷಯದಲ್ಲಿ ಕಟ್ಟುನಿಟ್ಟು. ನಮ್ಮ ಮನೇಲಿ ಆರ್ದ್ರತೆ ಇರಕೂಡದು."

ಮೇಡಂ ಲೋಟ ಕೆಳಗಿಟ್ಟರು. "ಆರ್ದ್ರತಾ ಇರಬಾರದೇನ್ರೀ?"

"ಕೂಡದು ಅಂದ್ರೆ ಕೂಡದು! ಎಲ್ಲಾ ಕಾಯಿಲೆಗೂ ಮೂಲ ಅದೇ ಅಲ್ವೇನ್ರಿ? ಐವತ್ತು ದಾಟ್ತು ಅಂದ್ರೆ ಮುಗೀತು, ಹಿಡಿದು ಹೊರಗೆ ಹಾಕ್ಬಿಡ್ತೀನಿ."

ಮೇಡಂಗೆ ಅರವತ್ತು ದಾಟಿತ್ತು.

"ಮತ್ತ... ಹುಡುಗಿ?" ಎಂದರು, ದನಿ ಸಣ್ಣಗೆ ಮಾಡಿ.

"ಅವಳಿಗೂ ರೂಢಿ ಆಗೋಗಿದೆ. ಚಿಕ್ಕಂದಿನಿಂದ ಹೀಗೇ ಬೆಳೆಸಿದ್ದೀನಿ. ನಿಮ್ಮ ಮನೆಗೆ ಬಂದ್ರೂ ಅಷ್ಟೇ, ಒಂದು ಚೂರೂ ಆರ್ದ್ರತೆ ಇಲ್ದಂಗೆ ನೋಡ್ಕೋತಾಳೆ. ನಿಶ್ಚಿಂತೆಯಾಗಿರಿ!"

ಭಾವ ತಮ್ಮ ಹಳೇ ಪುರಾಣ ಶುರು ಮಾಡಿದರೆಂದು ಅಡುಗೆಮನೆಯಲ್ಲಿ ಅಕ್ಕ, ನಾನು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು. ನಗುತ್ತಾ ಉಪ್ಪಿಟ್ಟು ತೆಗೆದುಕೊಂಡು ಬಂದರೆ ಮೇಡಂ ಎರಡು ಚಮಚ ತಿಂದು, ವರ್ಷಾಳ ಕೆನ್ನೆ ಸವರಿ, ಒಂದು ಕರುಣೆಯ ನೋಟ ನೋಡಿ, ಆಗತಾನೇ ಬಂದ ಮಗನನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟರು.

ಆಮೇಲೆ ಆ ಕಡೆಯಿಂದ ಸುದ್ದಿಯೇ ಇಲ್ಲ. ಕೊನೆಗೊಂದು ಸಂಜೆ ಹುಡುಗ ವರ್ಷಾಳಿಗೆ ಫೋನ್ ಮಾಡಿದ. ಅವಳು ಹಾಲಿಗೆ ಬಂದು ಗೋಡೆ ನೋಡುತ್ತಾ ಹೇಳಿದಳು. "ಅವರಮ್ಮ ಇನ್ನೂ ಯೋಚನೆ ಮಾಡ್ಬೇಕು ಅಂದ್ರಂತೆ. ಹುಡುಗಿ ಒಳ್ಳೆಯವಳೇ, ಆದ್ರೆ ಆ ಮನೆ ತುಂಬಾ ಒಣ ಅಂದ್ರಂತೆ."

ಭಾವ ಕುರ್ಚಿಯಿಂದ ಎದ್ದು ನಿಂತರು. ಮುಖ ಊರಗಲ! "ಏನಂದ್ರು? ಒಣ ಅಂದ್ರಾ? ನೋಡಿದ್ಯೇನೇ," ಎಂದು ಅಕ್ಕನ ಕಡೆ ತಿರುಗಿದರು, "ಇಂಥಾ ಮಳೇಲಿ ಬಂದು ಕೂತೋರು ಮನೆ ಒಣ ಇದೆ ಅಂತಾರೆ! ಇದಕ್ಕಿಂತ ಸರ್ಟಿಫಿಕೇಟ್ ಬೇಕಾ?"

ವರ್ಷಾ ದಡಬಡ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ವಲ್ಪ ಹೊತ್ತಿಗೆ ಆ ಕೋಣೆಯ ಮೀಟರ್ ಕೀ ಕೀ ಅನ್ನತೊಡಗಿತು. "ಯಾರಪ್ಪ ಒದ್ದೆ ಟವೆಲ್ ಒಳಗಿಟ್ಟಿದ್ದು?" ಎಂದು ಬಾಗಿಲು ತಳ್ಳಿದ ಭಾವ ಹೊಸ್ತಿಲಲ್ಲೇ ನಿಂತರು. ಟವೆಲ್ ಎಲ್ಲೂ ಇರಲಿಲ್ಲ. ಮಗಳು ದಿಂಬಿನಲ್ಲಿ ಮುಖ ಹುದುಗಿಸಿದ್ದಳು.

ಆಗ ನನ್ನ ಮಂಡೆಗೆ ಹೊಳೆಯಿತು ನೋಡಿ! "ಭಾವ, ಮೇಡಂ ಹತ್ರ ಆರ್ದ್ರತೆ ಅಂತಲೇ ಅಂದ್ರಾ? ತೇವ, ಗಾಳಿ, ಮೀಟರು, ಇದ್ಯಾವ ಮಾತೂ ಆಡ್ಲಿಲ್ವಾ?"

"ಆರ್ದ್ರತೆ ಅಂದ್ಮೇಲೆ ಮತ್ತೆ ತೇವ ಯಾಕಮ್ಮಾ ಅನ್ಬೇಕು? ಕನ್ನಡ ಮೇಡಮ್ಮಿಗೆ ಕನ್ನಡ ಬರಲ್ವಾ?"

"ಬಂದದ್ದೇ ತಪ್ಪಾಯ್ತು ಭಾವ! ಕನ್ನಡ ಮೇಷ್ಟ್ರುಗಳಿಗೆ ಆರ್ದ್ರತೆ ಅಂದ್ರೆ ಮನಸ್ಸು ಕರಗೋದು. ಪ್ರೀತಿ, ಅಂತಃಕರಣ. ಅದು ನಮ್ಮನೇಲಿ ಇರಕೂಡದು, ಮಗಳಿಗೂ ಇಲ್ಲ ಅಂತ ಹೇಳಿ ಕಳಿಸಿದ್ದೀರಿ. ಅದೂ ಸಾಲ್ದು ಅಂತ ಐವತ್ತು ದಾಟಿದವರನ್ನ ಹೊರಗೆ ಹಾಕ್ತೀನಿ ಅಂದಿದ್ದೀರಿ!"

ಭಾವನ ಬಾಯಿಯ ಪಸೆ ಆರಿತು. ಒಮ್ಮೆ ಮಗಳನ್ನು ನೋಡಿದರು, ಒಮ್ಮೆ ಮೀಟರನ್ನು ನೋಡಿದರು. ಮರುಕ್ಷಣವೇ ಮೇಡಂಗೆ ಫೋನು ಹಚ್ಚಿದರು. ಕ್ಷಮೆ ಕೇಳುತ್ತಾರೆಂದು ನೀವು ಅಂದುಕೊಂಡರೆ ನಮ್ಮ ಭಾವನನ್ನು ಇನ್ನೂ ಅರಿತಿಲ್ಲ ಎಂದಾಯಿತು.

"ಮೇಡಂ, ನಮ್ಮನೇಲಿ ಆರ್ದ್ರತೆ ಇದೆ ರೀ! ಈಗ ತಾನೇ ನೋಡ್ದೆ, ಅರವತ್ತೆರಡು! ಮಗಳ ರೂಮಲ್ಲೇ ಇದೆ! ಬೇಕಾದ್ರೆ ಫೋಟೋ ತೆಗೆದು ಕಳಿಸ್ತೀನಿ!"

ನಾನು ಫೋನು ಕಿತ್ತುಕೊಂಡು ಅಕ್ಕನ ಉಬ್ಬಸದಿಂದ ಹಿಡಿದು ಶೂ ಅಂಗಡಿಯವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಆ ಕಡೆ ನಗು ಶುರುವಾಯಿತು ನೋಡಿ, ಮೇಡಂ ಕೆಮ್ಮುವ ತನಕ ನಕ್ಕರು.

"ಅಯ್ಯ, ನನ್ನ ಬುದ್ಧಿಗಿಷ್ಟು! ಒಂದು ಶಬ್ದಕ್ಕ ಎರಡು ಅರ್ಥ ಇರ್ತಾವು ಅಂತ ಹುಡುಗರಿಗೆ ಕಲಿಸಿದಾಕಿ ನಾನಽ ಎಡವಿದ್ನಲ್ರೀ! ಹೆಂಡ್ತಿ ಉಸಿರಿನ ಸಲುವಾಗಿ ಇಷ್ಟೆಲ್ಲಾ ಮಾಡಿದ ಮನಷ್ಯಾನ್ನ ಒಣ ಅಂದೆ. ಮುಂದಿನ ಸರ್ತಿ ಬರ್ತೀನ್ರಿ, ಲಗ್ನದ ಮಾತು ಮುಗಿಸೇ ಬಿಡೂಣು. ಆದ್ರ ಒಂದು ಕರಾರು. ಚಹಾಕ್ಕ ಮುಚ್ಚಳ ಹಾಕಬ್ಯಾಡ್ರಿ!"

ಶ್ರಾವಣದಲ್ಲಿ ಹಲಸೂರಿನ ಒಂದು ಛತ್ರದಲ್ಲಿ ಮದುವೆಯಾಯಿತು. ಹೆಣ್ಣು ಒಪ್ಪಿಸುವ ಹೊತ್ತಿಗೆ ಅಕ್ಕ ಅತ್ತಳು, ನಾನು ಅತ್ತೆ, ಮೇಡಂ ಅತ್ತರು, ವಾದ್ಯದವರಲ್ಲಿ ಒಬ್ಬ ಕೂಡ ಕಣ್ಣೊರೆಸಿಕೊಂಡ. ಭಾವನ ಕಣ್ಣಲ್ಲಿ ಮಾತ್ರ ಒಂದು ಹನಿಯಿಲ್ಲ! ಮಗಳ ಕೈಯನ್ನು ಅಳಿಯನ ಕೈಯಲ್ಲಿಟ್ಟು, "ಬಾತ್‌ರೂಮಿನ ಫ್ಯಾನ್ ಆನ್ ಮಾಡೋದು ಮರೀಬೇಡಮ್ಮಾ" ಎಂದರು. ಪಕ್ಕದಲ್ಲಿದ್ದ ಯಾರೋ "ಎಂಥಾ ಒಣ ಮನುಷ್ಯ!" ಅಂದದ್ದು ನನಗೂ ಕೇಳಿಸಿತು. ನಿಜ ಹೇಳಬೇಕೆಂದರೆ, ಅವತ್ತು ನನಗೂ ಹಾಗೆಯೇ ಅನ್ನಿಸಿ ಸಿಟ್ಟು ಬಂದಿತ್ತು.

ಗೌರಿ ಹಬ್ಬದ ಬಾಗಿನ ಕೊಡಲು ಹೋದಾಗ ಹೊರಗೆ ಜಡಿಮಳೆ. ಹಾಲಿನಲ್ಲಿ ಮೀಟರ್ ಕೂಗುತ್ತಿತ್ತು, ಭಾವ ನನ್ನ ಛತ್ರಿಯನ್ನು ಹೊರಗೆ ಹಾಕಿ, ಸೀರೆಯ ಅಂಚನ್ನು ಹಿಂಡಿಸಿದ ಮೇಲೆಯೇ ಒಳಗೆ ಬಿಟ್ಟರು. ಬದಲಿಸಿಕೊಳ್ಳಲೆಂದು ವರ್ಷಾಳ ಕೋಣೆಗೆ ಹೋದೆ. ಅಲ್ಲಿ ಕಂಡದ್ದನ್ನು ನಂಬಲಾಗಲಿಲ್ಲ. ಅವಳ ಮಂಚದ ಪಕ್ಕದ ಮೇಜಿನ ಮೇಲೆ ಅಗಲ ಬಾಯಿಯ ಒಂದು ಬೋಗುಣಿ, ಅದರ ತುಂಬ ನೀರು! ಇಂಥ ಮಳೆಯಲ್ಲಿ, ಈ ಮನೆಯಲ್ಲಿ, ಮುಚ್ಚಳವಿಲ್ಲದ ನೀರು!

"ಭಾವ! ಯಾರೋ ಇಲ್ಲಿ ನೀರಿಟ್ಟು ಮರೆತಿದ್ದಾರೆ ನೋಡಿ!" ಎಂದು ಕೂಗಿದೆ.

ಭಾವ ಬಂದವರು ಬೋಗುಣಿಯ ಕಡೆ ನೋಡಲಿಲ್ಲ. ಗೋಡೆಯ ಮೀಟರನ್ನು ನೋಡುತ್ತಾ ನಿಂತರು.

"ನಾನೇ ಇಟ್ಟಿದ್ದು ಕಣಮ್ಮಾ. ಅವಳಿದ್ದಾಗ ಈ ರೂಮು ಯಾವಾಗ್ಲೂ ನಲವತ್ತೆಂಟು ತೋರಿಸ್ತಿತ್ತು. ಹೋದ ಮಾರನೇ ದಿನಾನೇ ಇಳಿದುಹೋಯ್ತು." ಮೀಟರಿನ ಗಾಜನ್ನು ಬೆರಳಲ್ಲಿ ಒರೆಸಿದರು. "ಅಷ್ಟೂ ಅವಳ ಉಸಿರೇ ಇತ್ತು ಅಂತ ಕಾಣುತ್ತೆ. ನಂಗೆ ಆ ನಂಬರ್ ನೋಡಿ ಅಭ್ಯಾಸ."

ಅಕ್ಕ ಯಾವಾಗ ಬಂದಿದ್ದಳೋ, ಕೈಯಲ್ಲಿದ್ದ ಚೊಂಬಿನಿಂದ ಬೋಗುಣಿಗೆ ಇನ್ನಷ್ಟು ನೀರು ಹಾಕಿ ಸುಮ್ಮನೆ ಹೋದಳು. ನಾನು ಅಲ್ಲೇ ನಿಂತು ಒಂದು ದೊಡ್ಡ ನಿಟ್ಟುಸಿರು ಬಿಟ್ಟೆ. ಭಾವ ಏನೂ ಅನ್ನಲಿಲ್ಲ.